ಪೈಪು ತಣ್ಣಗಿದ್ದರೆ ಕ್ಷೇಮ

ಮೊದಲ ಬಸ್ಸಿನಿಂದ ಇಲ್ಲಿ ಇಳಿಯುವವರು ಅವರೊಬ್ಬರೇ. ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿಲ್ಲ, ಬೀದಿದೀಪಗಳು ಆರಿಲ್ಲ. ಹೆಗಲಲ್ಲಿ ದಪ್ಪ ಬಟ್ಟೆಯ ಚೀಲ, ಚೀಲದ ಪಕ್ಕದ ಜೇಬಿನಲ್ಲಿ ಫ್ಲಾಸ್ಕು, ಮೈಮೇಲೆ ಕಚೇರಿ ಕೊಟ್ಟ ಬೂದು ಕೋಟು, ಕಾಲಲ್ಲಿ ರಬ್ಬರ್ ಅಟ್ಟೆಯ ಬೂಟು. ಹಲ್ಲು ಕಟಕಟ ಅನ್ನುವ ಈ ಚಳಿಯಲ್ಲೂ ಕೈಗೆ ಗವಸಿಲ್ಲ, ಕತ್ತಿಗೆ ಮಫ್ಲರಿಲ್ಲ. ಗವಸಿಲ್ಲದ್ದಕ್ಕೆ ಕಾರಣ ಅವರ ಕಸುಬು. ಮಫ್ಲರಿಲ್ಲದ್ದಕ್ಕೂ ಒಂದು ಕಾರಣವಿದೆ, ಅದು ಕಸುಬಿನದಲ್ಲ.

ಎದುರಿಗೆ ದೊಡ್ಡ ಕಬ್ಬಿಣದ ಗೇಟು. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕಂಬಳಿ ಹೊದ್ದು ಕೂತಿರುವ ಕಾವಲುಗಾರ ಅವರನ್ನು ಕಂಡದ್ದೇ ತಡ, ಫೋನಿನ ಮೇಲೆ ಕೈ ಹಾಕುತ್ತಾನೆ. ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಕಡೆ ಮಾತಾಡಿ ಇಡುತ್ತಾನೆ. ಮತ್ತೆ ಎತ್ತಿ ಇನ್ನೊಂದು ಕಡೆ ಮಾತಾಡುತ್ತಾನೆ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಎದ್ದು ಬಂದು ಗೇಟು ತೆಗೆದು ಸಲಾಮು ಹೊಡೆಯುತ್ತಾನೆ.

"ಹೇಳಿ ಆಯ್ತಾ ಎಲ್ಲರಿಗೂ?" ಎಂದು ಕೇಳುತ್ತಾರೆ ಅವರು.

"ಏನು ಮೇಡಂ?"

"ಏನಿಲ್ಲ ಬಿಡು."

ನಿಯಮದ ಪ್ರಕಾರ ಅವರ ಭೇಟಿ ಯಾರಿಗೂ ಮುಂಚೆ ಗೊತ್ತಾಗಬಾರದು. ಗೊತ್ತಾಗುವುದು ಮಾತ್ರ ತಪ್ಪಿದ್ದಿಲ್ಲ. ಇದಕ್ಕೆ ಅವರ ತಕರಾರೇನೂ ಇಲ್ಲ. "ನಾನು ಬಂದೆ ಅಂತ ಗೊತ್ತಾದ ಕೂಡಲೇ ಯಾರು ಯಾವ ಕಡೆ ಓಡ್ತಾರೆ ಅನ್ನೋದನ್ನ ನೋಡ್ತೀನಿ. ನಾನು ಮೊದಲು ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಅವರೇ ತೋರಿಸಿಕೊಟ್ಟ ಹಾಗಾಗುತ್ತೆ" ಎಂದು ನಗುತ್ತಾರೆ. ನಕ್ಕಾಗ ಬಾಯಿಂದ ಹಬೆ ಬರುತ್ತದೆ.

ಕಚೇರಿಯ ದಾಖಲೆಯಲ್ಲಿ ಅವರು ಉಷ್ಣ ಬಳಕೆ ಪರೀಕ್ಷಕಿ. ಪೈಪುಗಳು ಹಾದುಹೋಗುವ ಬೀದಿಗಳಲ್ಲೆಲ್ಲ ಅವರ ಹೆಸರು ಪೈಪಮ್ಮ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನು ತಿರುಗಿಸಿದರೆ ಬೇರೆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಅದು ಅವರಿಗೂ ಗೊತ್ತು. "ಬೈಗುಳಕ್ಕಿಂತ ವಾಸಿ" ಎನ್ನುವುದು ಅವರ ಲೆಕ್ಕ.

ಗೇಟಿನ ಒಳಗಿರುವುದು ಒಂದು ಕೋಜನ್. ಒಂದೇ ಬೆಂಕಿಯಲ್ಲಿ ಕರೆಂಟನ್ನೂ ತೆಗೆದು ಶಾಖವನ್ನೂ ತೆಗೆಯುವ ಸ್ಥಾವರಕ್ಕೆ ಎಲ್ಲರೂ ಇಟ್ಟಿರುವ ಹೆಸರು ಅದು. ಒಲೆಯ ಮೇಲೆ ಅಡುಗೆ ಬೇಯುತ್ತಿರುವಾಗಲೇ ಪಕ್ಕದ ಗುಳಿಯಲ್ಲಿ ಸ್ನಾನದ ನೀರು ಕಾಯಿಸಿಕೊಳ್ಳುವ ಮನೆಯವರ ಜಾಣತನವನ್ನೇ ದೊಡ್ಡದು ಮಾಡಿದರೆ ಕೋಜನ್ ಆಗುತ್ತದೆ. ಯಂತ್ರ ತಿರುಗಿ ಕರೆಂಟು ಹುಟ್ಟುತ್ತದೆ. ಮಿಕ್ಕ ಶಾಖ ನೀರನ್ನು ಕಾಯಿಸುತ್ತದೆ, ಕಾದ ನೀರು ಪೈಪಿನಲ್ಲಿ ಹೊರಟು ಸುತ್ತಲಿನ ಕಟ್ಟಡಗಳಿಗೆ ಹೋಗಿ, ಅಲ್ಲಿ ಶಾಖ ಕೊಟ್ಟು, ತಣ್ಣಗಾಗಿ ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ.

ಕರೆಂಟನ್ನು ಊರಿನ ಲೈನಿಗೆ ಮಾರಲು ಕೋಜನ್‌ಗೆ ವಿಶೇಷ ಅನುಮತಿ ಇದೆ, ಬೆಲೆಯೂ ಚೆನ್ನಾಗಿದೆ. ಆದರೆ ಷರತ್ತು ಒಂದಿದೆ. ಹುಟ್ಟಿದ ಶಾಖದಲ್ಲಿ ಇಂತಿಷ್ಟು ಪಾಲು ನಿಜವಾಗಿ ಯಾರದಾದರೂ ಕೆಲಸಕ್ಕೆ ಬಂದಿರಬೇಕು. ಬರದಿದ್ದರೆ ಅದು ಹೆಸರಿಗಷ್ಟೇ ಕೋಜನ್, ಅಸಲಿಗೆ ಇಂಧನ ಸುಟ್ಟು ಕರೆಂಟು ಮಾರುವ ಇನ್ನೊಂದು ಚಿಮಣಿ. ಆ ಶಾಖ ಮನುಷ್ಯರನ್ನು ಮುಟ್ಟಿತೋ ಇಲ್ಲವೋ ಎಂದು ನೋಡಿ ಬರುವವರು ಒಬ್ಬರು ಬೇಕಲ್ಲ, ಆ ಕೆಲಸ ಪೈಪಮ್ಮನವರದು.

ಶಾಖ ಅಳೆಯುವ ಮೀಟರುಗಳು ಎಲ್ಲ ಕಡೆ ಇವೆ. ಅವು ಸುಳ್ಳು ಹೇಳುವುದೂ ಇಲ್ಲ. "ಮೀಟರಿಗೆ ಶಾಖ ಖರ್ಚಾಯ್ತು ಅನ್ನೋದು ಗೊತ್ತಾಗುತ್ತೆ. ಯಾರಿಗೆ ಅನ್ನೋದು ಗೊತ್ತಾಗಲ್ಲ. ಅದಕ್ಕೆ ನಾನು" ಎನ್ನುತ್ತಾರೆ. ಬಿಸಿ ಪೈಪುಗಳಿಗೆಲ್ಲ ದಪ್ಪಗೆ ಹೊದಿಕೆ ಸುತ್ತಿರುತ್ತದೆ. ವಾಪಸು ಬರುವ ಪೈಪಿನಲ್ಲಿ ಮಾತ್ರ ಅಂಗೈ ಅಗಲದಷ್ಟು ಜಾಗವನ್ನು ಬರಿದಾಗಿ ಬಿಡಬೇಕೆಂಬ ನಿಯಮವಿದೆ. ಅಲ್ಲಿಗೆ ಅವರು ಮೊದಲು ಥರ್ಮಾಮೀಟರು ಹಿಡಿಯುತ್ತಾರೆ, ಆಮೇಲೆ ಕೈ ಇಡುತ್ತಾರೆ. ಅಂಗೈ ಅಲ್ಲ, ಅದು ಜಡ್ಡುಗಟ್ಟಿ ಹೋಗಿದೆ. ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವಾಗ ಇಡುವಂತೆ ಹಿಂಗೈ ಇಡುತ್ತಾರೆ. ಪೈಪು ಸುಡುತ್ತಿದ್ದರೆ ಶಾಖವನ್ನು ಯಾರೂ ತೆಗೆದುಕೊಂಡಿಲ್ಲ ಎಂದರ್ಥ. ತಣ್ಣಗಿದ್ದರೆ ತೆಗೆದುಕೊಂಡಿದ್ದಾರೆ. ಎಲ್ಲರೂ ಬಿಸಿ ಹುಡುಕಿಕೊಂಡು ಓಡಾಡುವ ಚಳಿಗಾಲದಲ್ಲಿ, ತಣ್ಣಗಿರುವುದನ್ನು ಮುಟ್ಟಿ ಸಮಾಧಾನ ಪಡುವ ಕಸುಬು ಇದು.

ಇಂಥ ಮೂರು ನಾಲ್ಕು ಸ್ಥಾವರಗಳು ಅವರ ಪಾಲಿಗಿವೆ. ಒಂದೊಂದಕ್ಕೂ ಹಲವು ಕಟ್ಟಡಗಳು. ಬಟ್ಟೆ ಗಿರಣಿಯ ಒಣಗಿಸುವ ಕೋಣೆ, ಆಸ್ಪತ್ರೆಯ ವಾರ್ಡು, ಈಜುಕೊಳ. ಚಳಿಯಲ್ಲಿ ನಡುಗುತ್ತಾ ಬೆಚ್ಚನೆಯ ಕೋಣೆಗಳಿಗೆ ಹೋಗುವುದು, ಕೆಲಸ ಮುಗಿಸಿ ಮತ್ತೆ ಚಳಿಗೆ ಬರುವುದು. ಕೂರಲು ಹೇಳುವವರಿಲ್ಲ. ಹೇಳಿದರೂ ಅವರು ಕೂರುವಂತಿಲ್ಲ. ಪರೀಕ್ಷೆಗೆ ಹೋದ ಕಡೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು, ಒಂದು ಲೋಟ ಚಹಾ ಕೂಡ. ಅದಕ್ಕೇ ಚೀಲದಲ್ಲಿ ಫ್ಲಾಸ್ಕು. ಚಹಾ ಕುಡಿಯುವುದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಆ ಹೊತ್ತಿಗೆ ಅದೂ ಆರಿರುತ್ತದೆ.

"ಅಭ್ಯಾಸ ಆಗಿದೆ" ಎನ್ನುತ್ತಾರೆ. ಕೂಡಲೇ, "ಅಭ್ಯಾಸ ಏನೂ ಆಗಿಲ್ಲ. ಹಾಗಂತ ಹೇಳ್ಕೊಳ್ತೀನಿ ಅಷ್ಟೇ" ಎಂದು ತಿದ್ದುತ್ತಾರೆ. ಬಾಯಿಂದ ಬಂದದ್ದು ಪೂರ್ತಿ ನಿಜವಲ್ಲ ಅನ್ನಿಸಿದರೆ ತಿದ್ದದೆ ಅವರಿಗೆ ನೆಮ್ಮದಿಯಿಲ್ಲ.

ಈ ಕೆಲಸ ಅವರು ಬಯಸಿ ಬಂದದ್ದಲ್ಲ. ಗಂಡ ಇದೇ ಕಚೇರಿಯಲ್ಲಿ ಮೀಟರ್ ಮೆಕ್ಯಾನಿಕ್. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಎದ್ದವರು ಹಾಗೇ ಕುಸಿದರು. ಮಕ್ಕಳಿರಲಿಲ್ಲ. ಅನುಕಂಪದ ಆಧಾರದ ಮೇಲೆ ಹೆಂಡತಿಗೆ ಕೆಲಸ ಸಿಕ್ಕಿತು. ಮೊದಲು ಕಡತ ಹೊರುವುದು, ಆಮೇಲೆ ಪರೀಕ್ಷಕರ ಜೊತೆ ಚೀಲ ಹೊರುವುದು, ಕೊನೆಗೆ ಇಲಾಖೆಯ ಪರೀಕ್ಷೆ ಪಾಸು ಮಾಡಿ ತಾವೇ ಪರೀಕ್ಷಕಿ. ಈಗ ಇರುವುದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಂದು ಮಂಚ, ಒಂದು ರೇಡಿಯೊ, ಎರಡು ಕುರ್ಚಿ. ಒಂದರ ಮೇಲೆ ಅವರು ಕೂರುತ್ತಾರೆ, ಇನ್ನೊಂದರ ಮೇಲೆ ಚೀಲ ಕೂರುತ್ತದೆ. ಎರಡನೇ ಕುರ್ಚಿ ಮೊದಲು ತಂಗಿಯದಾಗಿತ್ತು.

ತಂಗಿಯ ಲಾಂಡ್ರಿ ಇರುವುದು ಇದೇ ಕೋಜನ್‌ನ ಹಿಂದಿನ ಓಣಿಯಲ್ಲಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲುಗಳ ಟವೆಲು ಒಗೆದು ಒಣಗಿಸಿ ಕೊಡುವ ಜಾಗ. ಐದಾರು ಹೆಂಗಸರು ಕೆಲಸಕ್ಕಿದ್ದಾರೆ, ತಂಗಿಯ ಗಂಡ ವ್ಯಾನು ಓಡಿಸುತ್ತಾರೆ. ಒಗೆಯುವ ನೀರು, ಒಣಗಿಸುವ ಯಂತ್ರದ ಶಾಖ ಎರಡೂ ಕೋಜನ್‌ನದು. ರಕ್ತಸಂಬಂಧಿಗಳ ಜಾಗವನ್ನು ಪರೀಕ್ಷಿಸಬಾರದು ಎಂಬ ನಿಯಮವಿರುವುದರಿಂದ ಪೈಪಮ್ಮನವರು ತಾವೇ ಕಚೇರಿಗೆ ಹೇಳಿ ಲಾಂಡ್ರಿಯನ್ನು ಇನ್ನೊಬ್ಬ ಪರೀಕ್ಷಕರಿಗೆ ಬಿಡಿಸಿದರು. ಸೇವೆಯಲ್ಲಿ ಇರುವವರೆಗೆ ಆ ಬಾಗಿಲು ದಾಟುವಂತಿಲ್ಲ. ಆದರೆ ಭಾನುವಾರ ಸಂಜೆ ತಂಗಿ ಬುತ್ತಿ ಕಟ್ಟಿಕೊಂಡು ಅಕ್ಕನ ಮನೆಗೆ ಬರುತ್ತಿದ್ದಳು. ಎರಡನೇ ಕುರ್ಚಿಯಲ್ಲಿ ಕೂತು, ಕಾಲನ್ನು ಅಕ್ಕನ ಮಡಿಲಿಗೆ ಚಾಚುತ್ತಿದ್ದಳು.

"ಅವಳ ಕಾಲು ಯಾವಾಗ್ಲೂ ಐಸು. ಚಿಕ್ಕಂದಿನಲ್ಲಿ ನಮಗಿಬ್ಬರಿಗೂ ಒಂದೇ ಕಂಬಳಿ. ಮಲಗಿದ ತಕ್ಷಣ ಆ ಎರಡು ಕಾಲು ತಂದು ನನ್ನ ಮೀನಖಂಡಕ್ಕೆ ಒತ್ತೋಳು. ನಾನು ಬೈಯೋಳು. ಅವಳು ಬಿಸಿ ಆದ ಮೇಲೆ ನಿದ್ದೆ ಹೋಗೋಳು, ಆಮೇಲೆ ನಾನು. ಈ ಪೈಪಿನ ಕೆಲಸ ನನಗೆ ಆವಾಗಲೇ ಶುರುವಾಯ್ತು ಅನ್ಸುತ್ತೆ."

ಈ ಮಾತು ಹೇಳುವಾಗ ಅವರು ನಗುತ್ತಾರೆ. ಭಾನುವಾರದ ಬುತ್ತಿ ನಿಂತು ಇದು ಎರಡನೇ ಚಳಿಗಾಲ.

ನಡೆದದ್ದು ಇಷ್ಟು. ಕೋಜನ್‌ನಿಂದ ಹೆಚ್ಚು ಶಾಖ ಕೊಳ್ಳುತ್ತಿದ್ದ ಬಣ್ಣದ ಕಾರ್ಖಾನೆ ಮುಚ್ಚಿಹೋಯಿತು. ಷರತ್ತಿನ ಪಾಲು ತುಂಬುವುದು ಕಷ್ಟವಾಯಿತು. ಆಗ ಮ್ಯಾನೇಜರು ಆ ಖಾಲಿ ಕಟ್ಟಡವನ್ನು ಕಾಗದದ ಗೋದಾಮು ಮಾಡಿದ್ದೇವೆ, ಕಾಗದ ತೇವವಾಗದಂತೆ ಬೆಚ್ಚಗಿಡಬೇಕು ಎಂದು ತೋರಿಸಿದರು. ಕೆಳಗಿನ ಅಂತಸ್ತಿನಲ್ಲಿ ಕಾಗದದ ಕಟ್ಟುಗಳು ನಿಜಕ್ಕೂ ಇದ್ದವು. ಪೈಪಮ್ಮನವರು ಹೋದರು, ಮೀಟರು ನೋಡಿದರು, ವಾಪಸಿನ ಪೈಪಿಗೆ ಹಿಂಗೈ ಇಟ್ಟರು. ತಣ್ಣಗಿತ್ತು. ಸರಿ ಇದೆ ಎಂದು ಬರೆದರು. ಅವತ್ತು ಮಂಡಿ ನೋವು, ಮೇಲಿನ ಅಂತಸ್ತಿಗೆ ಮೆಟ್ಟಿಲು ಹತ್ತಲಿಲ್ಲ. ಮುಂದಿನ ಸಲವೂ ಹತ್ತಲಿಲ್ಲ. ಕೈಯನ್ನು ಅಷ್ಟು ನಂಬಿದ್ದರು.

ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಆ ಕಟ್ಟಡದ ಮೇಲಿನ ಕಿಟಕಿಗಳ ಅಂಚಿನಲ್ಲಿ ಊರಿನ ಪಾರಿವಾಳಗಳೆಲ್ಲ ಒತ್ತೊತ್ತಾಗಿ ಕೂತಿದ್ದವು. ಬೇರೆ ಯಾವ ಕಟ್ಟಡದ ಮೇಲೂ ಒಂದಿಲ್ಲ. ಹಕ್ಕಿಗಳು ಚಳಿಯಲ್ಲಿ ಸುಮ್ಮಸುಮ್ಮನೆ ಒಂದೇ ಕಡೆ ಕೂರುವುದಿಲ್ಲವಲ್ಲ ಎಂದುಕೊಂಡು ಅವರು ಮೆಟ್ಟಿಲು ಹತ್ತಿದರು. ಮೇಲೆ ನರಪಿಳ್ಳೆ ಇಲ್ಲ, ಕಾಗದದ ಚೂರಿಲ್ಲ. ಗೋಡೆಯುದ್ದಕ್ಕೂ ಶಾಖದ ಪೈಪುಗಳು ಕಾಯುತ್ತಿವೆ, ಕಿಟಕಿಗಳೆಲ್ಲ ಹಾರುಹೊಡೆದಿವೆ. ಶಾಖವೆಲ್ಲ ಬಯಲಿಗೆ ಹೋಗುತ್ತಿತ್ತು. ಅದಕ್ಕೇ ಕೆಳಗೆ ಪೈಪು ತಣ್ಣಗಿತ್ತು.

"ಆ ಖಾಲಿ ಹಾಲ್‌ನಲ್ಲಿ ನಿಂತಾಗ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅಷ್ಟು ಬೆಚ್ಚಗಿತ್ತು, ಒಬ್ಬರೂ ಇಲ್ಲ" ಎನ್ನುತ್ತಾರೆ.

ಅವರು ಕಂಡದ್ದನ್ನು ಬರೆದರು. ತಾವು ಮೊದಲು ಸರಿ ಎಂದು ಬರೆದದ್ದು ತಪ್ಪು ಎಂದೂ ಬರೆದರು. ಅದಕ್ಕೆ ಅವರಿಗೆ ಮೆಮೊ ಬಂತು. ಕೋಜನ್‌ಗೆ ಕರೆಂಟು ಮಾರುವ ಅನುಮತಿ ತಡೆಹಿಡಿದರು. ಮಾರದ ಕರೆಂಟಿಗೆ ಯಂತ್ರ ಯಾಕೆ ತಿರುಗಿಸಬೇಕು? ನಿಲ್ಲಿಸಿದರು. ಒಂದಿಡೀ ಚಳಿಗಾಲ ಪೈಪಿನಲ್ಲಿ ಬಿಸಿನೀರು ಬರಲಿಲ್ಲ. ಲಾಂಡ್ರಿಯಲ್ಲಿ ಹೆಂಗಸರು ಕೊರೆಯುವ ನೀರಿನಲ್ಲಿ ಬಟ್ಟೆ ಅದ್ದಿದರು, ಬಟ್ಟೆ ಒಣಗಲಿಲ್ಲ, ಆಸ್ಪತ್ರೆಯವರು ಬೇರೆ ಕಡೆ ಕೊಟ್ಟರು. ಇಬ್ಬರು ಹೆಂಗಸರನ್ನು ಮನೆಗೆ ಕಳಿಸಬೇಕಾಯಿತು. ಆ ಭಾನುವಾರ ತಂಗಿ ಬುತ್ತಿ ಇಲ್ಲದೆ ಬಂದಳು. ಕೂರಲಿಲ್ಲ. ನೀರಿಗೆ ಬಿರಿದ ಎರಡು ಕೈಯನ್ನು ಅಕ್ಕನ ಮುಂದೆ ಹಿಡಿದಳು.

"ಊರಿಗೆಲ್ಲ ನ್ಯಾಯ ಹೇಳೋಕೆ ಹೋಗಿ ನನ್ನ ಒಲೆ ಆರಿಸಿದೆಯಲ್ಲಕ್ಕ" ಎಂದಳಂತೆ. ಮೆಟ್ಟಿಲಿಳಿದು ಹೋದವಳು ಮತ್ತೆ ಹತ್ತಲಿಲ್ಲ.

ಅಕ್ಕ ಫೋನ್ ಮಾಡಿದರು, ಎತ್ತಲಿಲ್ಲ. ಮತ್ತೆ ಮಾಡಲು ಧೈರ್ಯ ಸಾಲಲಿಲ್ಲ. ಏನೆಂದು ಹೇಳುವುದು? ನಾನು ಬರೆದದ್ದು ತಪ್ಪು ಎನ್ನಲು ಬಾಯಿ ಬರುವುದಿಲ್ಲ, ಸರಿ ಎಂದರೆ ತಂಗಿಯ ಕೈ ಕಣ್ಣ ಮುಂದೆ ಬರುತ್ತದೆ. ತಂಗಿ ಹೆಣೆದು ಕೊಟ್ಟಿದ್ದ ಇಟ್ಟಿಗೆ ಬಣ್ಣದ ಮಫ್ಲರು ಅಂದಿನಿಂದ ಚೀಲದ ತಳದಲ್ಲಿದೆ. ಮನೆಯಲ್ಲಿ ಬಿಟ್ಟು ಬರಲು ಮನಸ್ಸಿಲ್ಲ, ಕತ್ತಿಗೆ ಸುತ್ತಿಕೊಳ್ಳಲು ಮುಖವಿಲ್ಲ.

ಕೋಜನ್‌ನವರು ಆಮೇಲೆ ದಾರಿಗೆ ಬಂದರು. ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ಕಟ್ಟಡದ ಬಾಡಿಗೆ, ಆಳುಗಳ ಸಂಬಳ, ಮೇಲಿನವರ ಒತ್ತಡ, ಎಲ್ಲ ಸೇರಿ ಅವರಿಂದ ಕಿಟಕಿ ತೆಗೆಸಿತ್ತು. ಅದೇ ಕಟ್ಟಡವನ್ನು ರಿಪೇರಿ ಮಾಡಿಸಿ, ಬಿಸಿನೀರಿನ ವ್ಯವಸ್ಥೆಯಿಲ್ಲದ ಕೋಣೆಗಳಲ್ಲಿ ಬದುಕುವವರಿಗೆಂದು ಸ್ನಾನದ ಮನೆ ಮಾಡಿಸಿದರು. ಪೈಪಮ್ಮನವರ ಕಚೇರಿ ತಾತ್ಕಾಲಿಕ ಅನುಮತಿ ಕೊಟ್ಟಿತು. ಯಂತ್ರ ತಿರುಗಿತು, ಲಾಂಡ್ರಿಗೆ ನೀರು ಬಂತು, ಆಸ್ಪತ್ರೆಯ ಬಟ್ಟೆಯೂ ವಾಪಸು ಬಂತು. ಅನುಮತಿ ಕಾಯಂ ಆಗಬೇಕಾದರೆ ಸ್ನಾನದ ಮನೆಯ ಶಾಖ ನಿಜವಾದದ್ದು ಎಂದು ಪರೀಕ್ಷಕಿ ಬರೆಯಬೇಕು. ಆ ಕೊನೆಯ ಪರೀಕ್ಷೆ ಇವತ್ತು. ಇವತ್ತು ಇಲ್ಲ ಎಂದು ಬರೆದರೆ ಯಂತ್ರ ಶಾಶ್ವತವಾಗಿ ನಿಲ್ಲುತ್ತದೆ, ತಂಗಿಯ ಲಾಂಡ್ರಿ ಮುಚ್ಚುತ್ತದೆ.

"ರಾತ್ರಿ ನಿದ್ದೆ ಬರಲಿಲ್ಲ. ದೇವರೇ, ಎಲ್ಲ ಸರಿ ಇರಲಿ ಅಂತ ಅಂದ್ಕೊಂಡೆ. ಸರಿ ಇಲ್ಲದಿದ್ರೆ ಸರಿ ಇದೆ ಅಂತ ಬರೆಯೋ ಶಕ್ತಿ ಕೊಡು ಅಂತ ಮಾತ್ರ ಕೇಳಲಿಲ್ಲ" ಎನ್ನುತ್ತಾ ಅವರು ಸ್ನಾನದ ಮನೆಯ ಹಿಂಬದಿಗೆ ಹೋಗುತ್ತಾರೆ.

ಮೀಟರು ನೋಡುತ್ತಾರೆ. ಥರ್ಮಾಮೀಟರು ಹಿಡಿಯುತ್ತಾರೆ. ಹಿಂಗೈ ಇಡುತ್ತಾರೆ. ಪೈಪು ತಣ್ಣಗಿದೆ. ಬೇರೆಯವರಾಗಿದ್ದರೆ ಉಸಿರು ಬಿಟ್ಟು ಟಿಕ್ ಹಾಕಿ ಬಸ್ಸು ಹಿಡಿಯುತ್ತಿದ್ದರು. ಇವರು ತಲೆ ಎತ್ತಿ ಕಿಟಕಿಗಳ ಕಡೆ ನೋಡುತ್ತಾರೆ. ಮೇಲಿನ ಅಂತಸ್ತಿನಲ್ಲಿ ಒಂದು ಸಾಲು ಕಿಟಕಿ ತೆರೆದಿದೆ. ಹಬೆ ದಪ್ಪಗೆ ಹೊರಬರುತ್ತಿದೆ. ಅಂಚಿನಲ್ಲಿ ಪಾರಿವಾಳಗಳು ಕೂತಿವೆ.

ಅವರ ಮುಖದ ಬಣ್ಣ ಇಳಿಯುತ್ತದೆ. ಆಮೇಲೆ ಮಂಡಿಯ ಮೇಲೆ ಕೈ ಊರಿ ಮೆಟ್ಟಿಲು ಹತ್ತುತ್ತಾರೆ.

ಮೇಲೆ ಹೆಂಗಸರ ಸ್ನಾನದ ಸಾಲು. ಮರದ ಬಾಗಿಲುಗಳ ಹಿಂದೆ ನೀರಿನ ಸದ್ದು ಕೇಳುತ್ತಿದೆ. ತಲೆಗೆ ಟವೆಲು ಸುತ್ತಿಕೊಂಡ ಅಜ್ಜಿಯೊಬ್ಬರು ಸೋಪಿನ ನೊರೆ ಗುಡಿಸುತ್ತಿದ್ದಾರೆ. ಈ ಸ್ನಾನದ ಮನೆಯನ್ನು ನೋಡಿಕೊಳ್ಳುವವರು ಅವರೇ.

"ಗೇಟಿನಿಂದ ಫೋನ್ ಬಂದಿರಬೇಕಲ್ಲ ಅಜ್ಜಿ, ನಾನು ಬರ್ತಿದೀನಿ ಅಂತ?" ಪೈಪಮ್ಮನವರ ದನಿಯಲ್ಲಿ ಬಿಗಿ ಇದೆ.

"ಫೋನಾ? ಇಲ್ಲಿನ ಫೋನಿಗೆ ನೀರು ಹೋಗಿ ಯಾವ ಕಾಲ ಆಯ್ತೋ. ನೀನು ಯಾರಮ್ಮ?"

"ಈ ಕಿಟಕಿ ಯಾಕೆ ತೆಗೆದಿದೀರಿ?"

"ತೆಗೀದೆ ಇರೋಕಾಗುತ್ತಾ? ಹಬೆ ತುಂಬಿಕೊಂಡು ಎದುರಿಗಿರೋರು ಕಾಣಲ್ಲ. ಮೊನ್ನೆ ಒಬ್ಬಳು ಇನ್ನೊಬ್ಬಳ ಬಟ್ಟೆ ಹಾಕ್ಕೊಂಡು ಹೋಗಿಬಿಟ್ಟಳು. ಗೋಡೆಗೆ ಬೂಷ್ಟು ಬೇರೆ."

"ಸ್ವಲ್ಪ ಹೊತ್ತು ಮುಚ್ಚಿ ಅಜ್ಜಿ."

"ಮುಚ್ಚಿದ್ರೆ ಬೈಸ್ಕೊಳ್ಳೋಳು ನಾನು" ಎನ್ನುತ್ತಲೇ ಅಜ್ಜಿ ಒಂದೊಂದಾಗಿ ಮುಚ್ಚುತ್ತಾರೆ. ಪಾರಿವಾಳಗಳು ಗೊಣಗಿಕೊಂಡು ಹಾರುತ್ತವೆ.

ಪೈಪಮ್ಮನವರು ಕೆಳಗಿಳಿದು ಪೈಪಿನ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾರೆ. ಇನ್ನು ಮಾಡುವುದೇನೂ ಇಲ್ಲ, ಕಾಯಬೇಕು. ಕಿಟಕಿ ಮುಚ್ಚಿದ ಮೇಲೆ ಪೈಪು ಬಿಸಿಯಾಗುತ್ತಾ ಬಂದರೆ ಶಾಖ ಹೋಗುತ್ತಿದ್ದದ್ದು ಬಯಲಿಗೆ. ತಣ್ಣಗೇ ಉಳಿದರೆ ಹೋಗುತ್ತಿರುವುದು ಮನುಷ್ಯರ ಮೈಗೆ. ಅವರು ಹಿಂಗೈಯನ್ನು ಪೈಪಿನಿಂದ ತೆಗೆಯುವುದೇ ಇಲ್ಲ. ಒಬ್ಬ ಹೆಂಗಸು ಒದ್ದೆ ಕೂದಲಲ್ಲಿ ಇಳಿದು ಹೋಗುತ್ತಾಳೆ. ಇಬ್ಬರು ಟವೆಲು ಹೆಗಲಿಗೆ ಹಾಕಿಕೊಂಡು ಹತ್ತುತ್ತಾರೆ. ಎಣ್ಣೆಯ ಕೊಳೆ ಮೆತ್ತಿದ ಕೆಲಸಗಾರರು ಕೆಳಗಿನ ಗಂಡಸರ ಸಾಲಿಗೆ ನುಗ್ಗುತ್ತಾರೆ. ಮೆಟ್ಟಿಲ ಮೇಲೆ ಕೂತ ಬೂದು ಕೋಟಿನ ಹೆಂಗಸನ್ನು ಯಾರೂ ಮಾತಾಡಿಸುವುದಿಲ್ಲ, ಪಕ್ಕಕ್ಕೆ ಸರಿದು ಹೋಗುತ್ತಾರೆ. ಬೆಳಕು ಪೂರ್ತಿ ಹರಿದು ಗೋಡೆಯ ಮೇಲೆ ಬಿಸಿಲಿನ ಪಟ್ಟಿ ಮೂಡುವವರೆಗೂ ಅವರು ಹಾಗೇ ಕೂತಿರುತ್ತಾರೆ.

ಪೈಪು ತಣ್ಣಗೇ ಇರುತ್ತದೆ.

"ಅಜ್ಜಿ, ಕಿಟಕಿ ತೆಗೀರಿ" ಎಂದು ಕೆಳಗಿನಿಂದ ಕೂಗುತ್ತಾರೆ. ಎದ್ದು ನಿಲ್ಲುವಾಗ ಮಂಡಿ ಸದ್ದು ಮಾಡುತ್ತದೆ. ಮ್ಯಾನೇಜರು ಅಷ್ಟು ಹೊತ್ತೂ ಅಂಗಳದ ಆ ತುದಿಯಲ್ಲಿ, ಹತ್ತಿರ ಬರಲೋ ಬೇಡವೋ ಎಂದು ಶತಪಥ ಹಾಕುತ್ತಿದ್ದವರು, ಅವರ ಮುಖ ನೋಡಿ ಓಡಿ ಬರುತ್ತಾರೆ. ಪೈಪಮ್ಮನವರು ಸರಿ ಇದೆ ಎಂದು ಬರೆದು ಸಹಿ ಹಾಕುತ್ತಾರೆ. ಚಹಾ ತರಿಸಲೇ ಎಂದು ಬಾಯಿಗೆ ಬಂದ ಮಾತನ್ನು ಮ್ಯಾನೇಜರು ನುಂಗಿಕೊಂಡು ಕೈ ಮುಗಿಯುತ್ತಾರೆ.

ಬಸ್ ನಿಲ್ದಾಣಕ್ಕೆ ನೇರ ದಾರಿ ಮುಂದಿನ ರಸ್ತೆ. ಅವರು ಹಿಂದಿನ ಓಣಿ ಹಿಡಿಯುತ್ತಾರೆ. ಪ್ರತಿ ಭೇಟಿಯಲ್ಲೂ ಹೀಗೇ. ಲಾಂಡ್ರಿಯ ಬಾಗಿಲು ಅರ್ಧ ತೆರೆದಿರುತ್ತದೆ, ಅತ್ತ ನೋಡುವುದಿಲ್ಲ. ಲಾಂಡ್ರಿಯಿಂದ ವಾಪಸು ಬರುವ ಪೈಪು ಹೊರಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಹಾದು ಹೋಗುತ್ತದೆ. ಅದರಲ್ಲೂ ಅಂಗೈ ಅಗಲದ ಬರಿ ಜಾಗವಿದೆ. ಆ ಲೆಕ್ಕ ಅವರದಲ್ಲ, ಬರೆಯುವಂತಿಲ್ಲ. ನಡೆಯುತ್ತಲೇ ಕೈಯನ್ನು ಚಾಚಿ ಹಿಂಗೈಯನ್ನು ಅಲ್ಲಿ ಮುಟ್ಟಿಸುತ್ತಾರೆ. ನೋಡಿದವರಿಗೆ ಗೋಡೆ ಸವರಿಕೊಂಡು ಹೋದಂತೆ ಕಾಣಬೇಕು, ಅಷ್ಟು ಹಗುರವಾಗಿ.

"ತಣ್ಣಗಿದ್ರೆ ಒಳಗೆ ಕೆಲಸ ಜೋರಾಗಿ ನಡೀತಿದೆ ಅಂತ. ಕೆಲಸ ನಡೀತಿದ್ರೆ ಅವಳು ಚೆನ್ನಾಗಿದಾಳೆ ಅಂತ. ಅವಳ ಕ್ಷೇಮಸಮಾಚಾರ ನನಗೆ ಸಿಗೋದು ಇಷ್ಟೇ" ಎನ್ನುತ್ತಾರೆ. "ಯಂತ್ರ ಮತ್ತೆ ಶುರುವಾದ ಮೇಲೆ ಒಂದು ದಿನವೂ ಬಿಸಿ ಇದ್ದದ್ದಿಲ್ಲ. ಕೆಲಸಗಾರ್ತಿ ಅವಳು."

ಇವತ್ತೂ ತಣ್ಣಗಿದೆ. ಆದರೆ ಎರಡು ಹೆಜ್ಜೆ ಹೋದವರು ಅಲ್ಲೇ ನಿಲ್ಲುತ್ತಾರೆ. ಬೆಳಗ್ಗೆಯಿಂದ ತಲೆಯಲ್ಲಿ ಏನೋ ಕೊರೆಯುತ್ತಿದೆ. ಸ್ನಾನದ ಮನೆಯ ಫೋನು ಕೆಟ್ಟಿದೆ. ಕಾವಲುಗಾರ ಮಾತಾಡಿದ್ದು ಎರಡು ಕಡೆ. ಒಂದು ಮ್ಯಾನೇಜರಿಗೇ ಇರಬೇಕು, ಇನ್ನೊಂದು ಯಾರಿಗೆ? ಪರೀಕ್ಷಕಿಯ ಮನಸ್ಸು, ಸುಮ್ಮನಿರುವುದಿಲ್ಲ. ನಿಲ್ದಾಣದ ದಾರಿ ಬಿಟ್ಟು ಮತ್ತೆ ಗೇಟಿನ ಕಡೆ ತಿರುಗುತ್ತಾರೆ.

"ಬೆಳಿಗ್ಗೆ ಎರಡನೇ ಫೋನ್ ಯಾರಿಗೆ ಮಾಡಿದೆಯಪ್ಪಾ?" ಎಂದು ಕಾವಲುಗಾರನನ್ನು ಕೇಳುತ್ತಾರೆ.

ಅವನು ಕಂಬಳಿ ಸರಿಮಾಡಿಕೊಳ್ಳುತ್ತಾನೆ. "ಎರಡನೇದು ಮ್ಯಾನೇಜರಿಗೆ ಮೇಡಂ. ನಮ್ಮ ಹೊಟ್ಟೆಪಾಡು, ನಿಮಗೆ ಗೊತ್ತೇ ಇದೆ."

"ಹಾಗಾದ್ರೆ ಮೊದಲನೇದು?"

ಅವನು ನೆಲ ನೋಡುತ್ತಾನೆ, ಗೇಟು ನೋಡುತ್ತಾನೆ. "ಹೇಳ್ಬೇಡ ಅಂದಿದಾರೆ. ನಿಮ್ಮ ತಂಗಿಯವರಿಗೆ."

ಅವನೇ ಮುಂದುವರಿಸುತ್ತಾನೆ. "ಯಂತ್ರ ಮತ್ತೆ ಶುರುವಾದಾಗಿಂದ ಇದೇ ನಡೀತಿದೆ. ಬಂದ್ರು ಅಂತೀನಿ. ಅವರು ಎರಡೇ ಮಾತು ಕೇಳ್ತಾರೆ. ಒಬ್ಬಳೇ ಬಂದಿದಾಳಾ ಅಂತ. ಮಫ್ಲರ್ ಹಾಕಿದಾಳಾ ಅಂತ."

"ನೀನೇನು ಹೇಳ್ತೀಯಾ?"

"ಒಬ್ಬರೇ ಅಂತೀನಿ. ಹಾಕಿಲ್ಲ ಅಂತೀನಿ. ಆಮೇಲೆ ಫೋನ್ ಇಡೋಕೆ ಮುಂಚೆನೇ ಒಳಗೆ ಕೂಗೋದು ಕೇಳುತ್ತೆ, ಒಣಗಿಸೋ ಯಂತ್ರ ಎಲ್ಲ ಒಟ್ಟಿಗೆ ಹಾಕ್ರಮ್ಮಾ, ನಮ್ಮಕ್ಕ ಪೈಪು ಮುಟ್ಟಿ ನೋಡ್ತಾಳೆ, ಬಿಸಿ ಇದ್ರೆ ಗಾಬರಿ ಆಗ್ತಾಳೆ ಅಂತ."

ಪೈಪಮ್ಮನವರ ಹುಬ್ಬು ಗಂಟಾಗುತ್ತದೆ. ಕಣ್ಣು ತುಂಬಿಕೊಂಡಿದೆ, ಆದರೂ ಪರೀಕ್ಷಕಿ ಪರೀಕ್ಷಕಿಯೇ. "ಯಂತ್ರಕ್ಕೆ ಹಾಕೋದು ಒದ್ದೆ ಬಟ್ಟೆ ತಾನೇ? ಖಾಲಿ ಓಡಿಸಲ್ಲ ತಾನೇ?"

"ಖಾಲಿ ಯಾಕೆ ಓಡಿಸ್ತಾರೆ ಮೇಡಂ? ಆಸ್ಪತ್ರೆ ಬಟ್ಟೆ. ಹಿಂದಿನ ದಿನ ಒಗೆದದ್ದರಲ್ಲಿ ಒಂದಷ್ಟನ್ನ ಒಣಗಿಸದೆ ಬೆಳಿಗ್ಗೆಗೆ ಅಂತ ಇಟ್ಕೊಂಡಿರ್ತಾರೆ. ನೀವು ಯಾವತ್ತು ಬರ್ತೀರೋ ಗೊತ್ತಿಲ್ಲವಲ್ಲ. ಅದಕ್ಕೆ ದಿನಾ ಇಟ್ಕೊಳ್ತಾರೆ."

ಮುಂದಿನ ಚಳಿಗಾಲದ ಹೊತ್ತಿಗೆ ಪೈಪಮ್ಮನವರ ಸೇವೆ ಮುಗಿಯುತ್ತದೆ. ಆಮೇಲೆ ಲಾಂಡ್ರಿಯ ಬಾಗಿಲು ದಾಟಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. "ಒಣಗಿಸೋ ಯಂತ್ರದ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಕೂರ್ಬೇಕು. ಯಾರಾದ್ರೂ ಚಹಾ ಕೊಟ್ರೆ ತಗೋಬೇಕು. ಬೇರೆ ಏನೂ ಬೇಡ" ಎನ್ನುತ್ತಾರೆ. ಅಷ್ಟು ದಿನ ಕಾಯುವುದು ಹೇಗೆ ಎಂದು ಅವರ ಮುಖವೇ ಕೇಳುತ್ತಿದೆ.

ಬಸ್ಸಿನ ಸದ್ದು ಕೇಳಿಸುತ್ತದೆ. ಪೈಪಮ್ಮನವರು ಚೀಲ ಇಳಿಸಿ ತಳದವರೆಗೂ ಕೈ ಹಾಕುತ್ತಾರೆ. ಥರ್ಮಾಮೀಟರು, ಟಾರ್ಚು, ಫ್ಲಾಸ್ಕು ಎಲ್ಲ ಪಕ್ಕಕ್ಕೆ ಸರಿಯುತ್ತವೆ. ಇಟ್ಟಿಗೆ ಬಣ್ಣದ ಮಫ್ಲರು ಹೊರಬರುತ್ತದೆ. ಮಡಿಕೆಯ ಗುರುತು ಹಾಗೇ ಇದೆ. ಕತ್ತಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಕೋಟಿನೊಳಗೆ ಸಿಕ್ಕಿಸಿ, ಸರಿಯಾಗಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಾರೆ.

"ಈಗ ಇನ್ನೊಂದು ಸಲ ಫೋನ್ ಮಾಡು ಅವಳಿಗೆ" ಎನ್ನುತ್ತಾರೆ. "ಮಫ್ಲರ್ ಹಾಕಿದಾಳೆ ಅಂತ ಹೇಳು. ಸುಳ್ಳು ಹೇಳಿದ ಹಾಗೆ ಆಗಲ್ಲ."